ಸಂಪಾದಕೀಯ: ವಾಷಿಂಗ್ಟನ್ ಸರೋವರದ ತೇಲು ಸೇತುವೆ

ಈ ಯುಗಾದಿ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಸಿಯಾಟಲ್ ಮತ್ತು ಬೆಲ್‌ವ್ಯೂ ನಗರಗಳನ್ನು ಜೋಡಿಸುವ ಲಘು ರೈಲು ವಾಷಿಂಗ್ಟನ್ ಸರೋವರವನ್ನು ದಾಟಲು ಅಣಿಯಾಗಿರುತ್ತದೆ. ಪ್ರಯಾಣಿಕರ ಸೇವೆಗೆ 2026ರ ಮಾರ್ಚ್ 28ರ ದಿನವನ್ನು ಸೌಂಡ್ ಟ್ರಾನ್ಸಿಟ್ ಸಂಸ್ಥೆ ಗೊತ್ತುಮಾಡಿದೆ. ತೇಲುವ ಸೇತುವೆಯೊಂದರ ಮೇಲೆ ಲಘು ರೈಲು ಓಡುವುದು ಜಗತ್ತಿನಲ್ಲಿ ಇದೇ ಮೊದಲು. ರೆಡ್‌ಮಂಡ್, ಬೆಲ್‌ವ್ಯೂ, ಸಮಾಮಿಶ್ ಕಡೆಯ ನಮ್ಮ ಕನ್ನಡ ಬಳಗದ ಸದಸ್ಯರಲ್ಲಿ ಬಹುಪಾಲು ಜನ ಕೆಲಸಕ್ಕೆಂದೋ ವಿಮಾನ ನಿಲ್ದಾಣಕ್ಕೆಂದೋ ಈ ನೀರನ್ನು ದಾಟುತ್ತಲೇ ಇರುತ್ತಾರೆ. ಊರಿನಿಂದ ಬಂದ ತಂದೆತಾಯಿಗಳಿಗೆ ಕಾರಿನಲ್ಲಿ ಕುಳಿತೇ "ಇದು ತೇಲುತ್ತಿರುವ ಸೇತುವೆ" ಎಂದು ತೋರಿಸುವುದೂ ನಮ್ಮಲ್ಲಿ ರೂಢಿಯಾಗಿದೆ. ಆದರೆ ಅವರು ಮರುಪ್ರಶ್ನೆ ಕೇಳಿದರೆ, ಅಂದರೆ ಕಾಂಕ್ರೀಟ್ ಹೇಗೆ ತೇಲುತ್ತದೆ, ಕಂಬ ನೆಟ್ಟು ಏಕೆ ಕಟ್ಟಲಿಲ್ಲ, ಎಂದಾದರೂ ಮುಳುಗಿತ್ತೇ ಎಂದು ಕೇಳಿದರೆ, ಉತ್ತರ ಹೇಳಲು ನಮ್ಮಲ್ಲಿ ಹೆಚ್ಚಿನವರಿಗೆ ಆಗುವುದಿಲ್ಲ. ರೈಲು ಹತ್ತುವ ಮೊದಲು ಆ ಉತ್ತರಗಳನ್ನು ತಿಳಿದಿರಬೇಕೆಂಬ ಆಸೆಯಿಂದ ಈ ಸಲದ ಸಂಪಾದಕೀಯವನ್ನು ಸೇತುವೆಗೆ ಮೀಸಲಿಟ್ಟಿದ್ದೇನೆ.

ಮೊದಲು ಸರೋವರದ ಮಾತು. ಹಿಮನದಿಗಳು ಕೊರೆದು ಬಿಟ್ಟುಹೋದ ಈ ಸರೋವರದ ಆಳ ಕೆಲವೆಡೆ 200 ಅಡಿಯನ್ನು ಮೀರುತ್ತದೆ. ಅದರ ತಳದಲ್ಲಿಯೂ ಗಟ್ಟಿ ನೆಲವಿಲ್ಲ, ಮತ್ತಷ್ಟು ಆಳದವರೆಗೆ ಮೆತ್ತನೆಯ ಕೆಸರೇ ಇದೆ. ಕಂಬ ನಿಲ್ಲಿಸಬೇಕಾದರೆ ಅಷ್ಟು ನೀರನ್ನೂ ಅಷ್ಟು ಕೆಸರನ್ನೂ ದಾಟಿ ಕೆಳಗಿಳಿಯಬೇಕಿತ್ತು. ಆ ಕಾಲದ ಸಾಧನಗಳಿಗೂ ಬೊಕ್ಕಸಕ್ಕೂ ಅದು ನಿಲುಕುವಂತಿರಲಿಲ್ಲ. ಹಾಗಾಗಿ ಜನರೂ ವಾಹನಗಳೂ ಹಡಗಿನಲ್ಲಿ ದಾಟುತ್ತಿದ್ದರು, ಇಲ್ಲವೇ ಸರೋವರವನ್ನು ಸುತ್ತಿಕೊಂಡು ಹೋಗುತ್ತಿದ್ದರು. ಅದೇ ಸರೋವರಕ್ಕೆ ತೇಲು ಸೇತುವೆಗೆ ಒಪ್ಪುವ ಒಂದು ಗುಣವನ್ನು ಮನುಷ್ಯರೇ ತಂದುಕೊಟ್ಟಿದ್ದರು. ಸಮುದ್ರಕ್ಕೂ ಸರೋವರಕ್ಕೂ ನಡುವೆ ಹಡಗು ಕಾಲುವೆ ತೋಡಿ, ಸಿಯಾಟಲಿನ ಬ್ಯಾಲರ್ಡ್‌ನಲ್ಲಿ ಲಾಕ್‌ಗಳನ್ನು (ನೀರಿನ ಮಟ್ಟ ಬದಲಿಸಿ ಹಡಗುಗಳನ್ನು ಏರಿಸಿ ಇಳಿಸುವ, ಬಾಗಿಲುಗಳುಳ್ಳ ಕಟ್ಟೆಗಳನ್ನು) ಕಟ್ಟಿದಾಗ, 1916ರಲ್ಲಿ ಸರೋವರದ ಮಟ್ಟ ಸುಮಾರು ಒಂಬತ್ತು ಅಡಿ ಇಳಿಯಿತು. ಅದರ ನೀರನ್ನು ಹೊರಕ್ಕೆ ಒಯ್ಯುತ್ತಿದ್ದ ಬ್ಲಾಕ್ ರಿವರ್ ಎಂಬ ನದಿ ಬತ್ತಿಹೋಯಿತು. ಆ ನದಿಯ ಮೀನನ್ನು ನಂಬಿ ತಲೆತಲಾಂತರದಿಂದ ಅದರ ದಡದಲ್ಲಿ ಬದುಕಿದ್ದ ಡುವಾಮಿಶ್ ಮೂಲನಿವಾಸಿ ಜನರ ಪಾಲಿಗೆ ಅದು ತುಂಬಲಾರದ ನಷ್ಟ. ಈ ಸೇತುವೆಯ ಚರಿತ್ರೆ ಹೇಳುವಾಗ ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಅಂದಿನಿಂದ ಲಾಕ್‌ಗಳು ಸರೋವರದ ಮಟ್ಟವನ್ನು ವರ್ಷವಿಡೀ ಸುಮಾರು ಎರಡು ಅಡಿಯ ಏರಿಳಿತದೊಳಗೇ ಹಿಡಿದಿಟ್ಟಿವೆ. ನೀರಿನ ಮೇಲೆ ಮಲಗುವ ರಸ್ತೆಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಬೇಕಿಲ್ಲ.

ಈ ಅನುಕೂಲವನ್ನು ಗುರುತಿಸಿದವರು ಹೋಮರ್ ಹ್ಯಾಡ್ಲಿ ಎಂಬ ಎಂಜಿನಿಯರ್. ಮೊದಲ ಮಹಾಯುದ್ಧದ ಕಾಲದಲ್ಲಿ ಉಕ್ಕಿನ ಕೊರತೆಯಿಂದಾಗಿ ಅಮೆರಿಕದಲ್ಲಿ ಕಾಂಕ್ರೀಟಿನ ಹಡಗು ಮತ್ತು ಬಾರ್ಜ್‌ಗಳನ್ನು (ಚಪ್ಪಟೆ ತಳದ ಸರಕು ದೋಣಿಗಳನ್ನು) ಕಟ್ಟಲು ತೊಡಗಿದ್ದರು. ಹ್ಯಾಡ್ಲಿ ಆ ವಿನ್ಯಾಸದ ಕೆಲಸದಲ್ಲಿ ಪಳಗಿದವರು. ಟೊಳ್ಳಾದ ಕಾಂಕ್ರೀಟ್ ಪೆಟ್ಟಿಗೆಗಳನ್ನು ಒಂದರ ಹಿಂದೆ ಒಂದರಂತೆ ಬಿಗಿದು, ಲಂಗರು ಹಾಕಿ, ಮೇಲೆ ರಸ್ತೆ ಹಾಸಿದರೆ ವಾಷಿಂಗ್ಟನ್ ಸರೋವರವನ್ನು ದಾಟಬಹುದೆಂದು 1920ರ ದಶಕದ ಆರಂಭದಲ್ಲಿಯೇ ಅವರು ಸೂಚಿಸಿದರು. ಜನ ನಕ್ಕರು. "ಹ್ಯಾಡ್ಲಿಯ ಹುಚ್ಚು" ಎಂದು ಅದಕ್ಕೆ ಹೆಸರಿಟ್ಟರು. ಸುಂದರವಾದ ಸರೋವರದ ಮೇಲೆ ಬಾರ್ಜ್‌ಗಳ ಸಾಲು ನಿಲ್ಲಿಸಿದರೆ ನೋಟವೇ ಕೆಡುತ್ತದೆಂದು ಆಕ್ಷೇಪಿಸಿದವರೂ ಇದ್ದರು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಆ ಆಲೋಚನೆ ಕಾಗದದ ಮೇಲೆಯೇ ಉಳಿಯಿತು. 1937ರಲ್ಲಿ ಹ್ಯಾಡ್ಲಿ ಅದನ್ನು ರಾಜ್ಯದ ಹೆದ್ದಾರಿ ಇಲಾಖೆಯ ನಿರ್ದೇಶಕ ಲೇಸಿ ಮರೋ ಅವರ ಮುಂದಿಟ್ಟರು. ಮರೋ ಆಗಿನ್ನೂ ಮೂವತ್ತರ ಹರೆಯದವರು. ರೇಡಿಯೋ ವರದಿಗಾರರಾಗಿ ಪ್ರಸಿದ್ಧರಾದ ಎಡ್ವರ್ಡ್ ಮರೋ ಅವರ ಅಣ್ಣ. ಯೋಜನೆಯನ್ನು ಪರಿಶೀಲಿಸಿ, ಒಪ್ಪಿ, ಅದನ್ನು ಸರ್ಕಾರದ ಕೆಲಸವನ್ನಾಗಿ ಮಾಡಿದ ಧೈರ್ಯ ಅವರದು. ಆದರೆ ಹ್ಯಾಡ್ಲಿ ಆ ವೇಳೆಗೆ ಪೋರ್ಟ್‌ಲ್ಯಾಂಡ್ ಸಿಮೆಂಟ್ ಅಸೋಸಿಯೇಶನ್‌ನಲ್ಲಿ ಕೆಲಸದಲ್ಲಿದ್ದರು. ಸಿಮೆಂಟ್ ಮಾರುವವರ ಲಾಭಕ್ಕಾಗಿ ಈ ಸೇತುವೆ ಎಂಬ ಅಪವಾದ ಬರಬಾರದೆಂದು ಅವರು ಹಿಂದೆ ಸರಿದು ನಿಂತರು. ಕಲ್ಪನೆ ಅವರದೇ ಆಗಿದ್ದರೂ ಹೆಸರು ಮುಂದೆ ಬರಲಿಲ್ಲ.

1938ರ ಡಿಸೆಂಬರ್ ಕೊನೆಯಲ್ಲಿ ಕೆಲಸ ಆರಂಭವಾಯಿತು. ವೆಚ್ಚ ಸುಮಾರು 90 ಲಕ್ಷ ಡಾಲರ್; ಅದರಲ್ಲೊಂದು ಪಾಲು ಒಕ್ಕೂಟ ಸರ್ಕಾರದ ಅನುದಾನ, ಉಳಿದದ್ದು ಟೋಲ್ ಹಣದಿಂದ ತೀರಿಸಬೇಕಾದ ಸಾಲ. ಸೇತುವೆ ಸರೋವರದ್ದಾದರೂ ಅದರ ಪಾಂಟೂನ್‌ಗಳು, ಅಂದರೆ ಅದನ್ನು ಹೊರುವ ಟೊಳ್ಳು ಕಾಂಕ್ರೀಟ್ ಪೆಟ್ಟಿಗೆಗಳು, ಹುಟ್ಟಿದ್ದು ಬಂದರಿನಲ್ಲಿ ಎಂಬುದು ನನಗೆ ಈ ಚರಿತ್ರೆಯಲ್ಲಿ ಬಹಳ ಪ್ರಿಯವಾದ ಸಂಗತಿ. ಎಲಿಯಟ್ ಕೊಲ್ಲಿಯಲ್ಲಿ ಡುವಾಮಿಶ್ ನದಿ ಸಮುದ್ರ ಸೇರುವಲ್ಲಿ ಮಣ್ಣು ತುಂಬಿ ಕಟ್ಟಿದ ಹಾರ್ಬರ್ ಐಲೆಂಡ್ ಇದೆಯಲ್ಲ, ಇಂದು ಕಂಟೇನರ್ ಎತ್ತುವ ಕಿತ್ತಳೆ ಬಣ್ಣದ ಕ್ರೇನ್‌ಗಳ ಸಾಲು ಕಾಣುವ ಜಾಗ, ಅಲ್ಲಿ ಪಾಂಟೂನ್‌ಗಳನ್ನು ಎರಕ ಹೊಯ್ದರು. ನೀರಿಗಿಳಿಸಿದ ಮೇಲೆ ಟಗ್ ದೋಣಿಗಳು ಅವನ್ನು ಕೊಲ್ಲಿಯ ಉಪ್ಪುನೀರಿನಲ್ಲಿ ಎಳೆದುಕೊಂಡು ಬ್ಯಾಲರ್ಡ್‌ಗೆ ತಂದವು. ಅಲ್ಲಿ ಲಾಕ್ ಏರಿ, ಹಡಗು ಕಾಲುವೆ ಹಾದು, ನಗರವನ್ನು ಉತ್ತರದಿಂದ ಬಳಸಿಕೊಂಡು ಅವು ಸಿಹಿನೀರಿನ ಸರೋವರ ಸೇರಿದವು. ದೊಡ್ಡ ಲಾಕ್‌ನ ಅಗಲ 80 ಅಡಿ, ಪಾಂಟೂನಿನದು 59 ಅಡಿ. ಹಿಂದೊಮ್ಮೆ ನದಿಯೊಂದನ್ನು ಬತ್ತಿಸಿದ ಕಾಲುವೆಯೇ ಈಗ ಸೇತುವೆಗೆ ದಾರಿಯಾಯಿತು.

ಕಾಂಕ್ರೀಟ್ ಹೇಗೆ ತೇಲುತ್ತದೆ ಎಂಬ ಪ್ರಶ್ನೆಗೆ ಲೆಕ್ಕವನ್ನೇ ಮಾಡಿ ನೋಡಬಹುದು; ಮನೆಯಲ್ಲಿ ಪ್ರೌಢಶಾಲೆಯ ಮಕ್ಕಳಿದ್ದರೆ ಅವರ ಜೊತೆ ಕುಳಿತು ಮಾಡಿ. ಸಾಮಾನ್ಯ ಪಾಂಟೂನ್ ಒಂದರ ಉದ್ದ 350 ಅಡಿ, ಅಗಲ 59 ಅಡಿ, ಎತ್ತರ ಹದಿನಾಲ್ಕೂವರೆ ಅಡಿ, ತೂಕ 4,558 ಟನ್. ಇಲ್ಲಿ ಟನ್ ಎಂದರೆ 2,000 ಪೌಂಡಿನ ಅಮೆರಿಕದ ಟನ್. ಒಂದು ಘನ ಅಡಿ ಸಿಹಿನೀರು ಸುಮಾರು 62.4 ಪೌಂಡ್ ತೂಗುತ್ತದೆ. ಭಾಗಿಸಿ ನೋಡಿದರೆ ಆ ಪೆಟ್ಟಿಗೆ ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಲು ಏಳು ಅಡಿ ಮುಳುಗಿದರೆ ಸಾಕು. ಅರ್ಧ ನೀರಿನೊಳಗೆ, ಅರ್ಧ ಹೊರಗೆ. ಹಂಪಿಯ ಬಳಿ ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರು ಒಬ್ಬೊಬ್ಬರಾಗಿ ಕೂತಂತೆ ಅದು ಬೆರಳಷ್ಟು ಬೆರಳಷ್ಟು ಕೆಳಗಿಳಿಯುವುದನ್ನು ಕಂಡಿರುತ್ತೀರಿ, ಇಲ್ಲಿ ನಡೆಯುವುದೂ ಅದೇ. ಒಂದು ಪಾಂಟೂನನ್ನು ಒಂದೇ ಒಂದು ಅಂಗುಲ ಕೆಳಗೆ ಒತ್ತಬೇಕಾದರೆ ಅದರ ಮೇಲೆ ಐವತ್ತಕ್ಕೂ ಹೆಚ್ಚು ಟನ್ ಭಾರ ಹೇರಬೇಕು. ಇದೇ ಲೆಕ್ಕವನ್ನು ತಿರುಗಿಸಿದರೆ ಇನ್ನೊಂದು ಸತ್ಯ ಕಾಣುತ್ತದೆ: ಒಳಗೆ ಒಂದು ಅಡಿ ನೀರು ತುಂಬಿದರೆ ಪಾಂಟೂನ್ ಹೆಚ್ಚುಕಡಿಮೆ ಒಂದು ಅಡಿ ಇಳಿಯುತ್ತದೆ. ಅದು ಇಳಿದಷ್ಟೂ ಅಲೆಗಳು ಮೇಲಿನ ತೆರಪುಗಳಿಗೆ ಹತ್ತಿರವಾಗುತ್ತವೆ. ಈ ಎರಡನೆಯ ಲೆಕ್ಕವನ್ನು ನೆನಪಿನಲ್ಲಿಡಿ.

1940ರ ಜುಲೈ 2ರಂದು ಸೇತುವೆ ತೆರೆಯಿತು. ತೇಲುವ ಭಾಗವೊಂದೇ 6,620 ಅಡಿ, ಅಂದರೆ ಎರಡು ಕಿಲೋಮೀಟರ್. ಕಾರಿಗೆ 25 ಸೆಂಟ್ ಟೋಲ್. ನಿರೀಕ್ಷೆಗಿಂತ ಬೇಗ ಸಾಲ ತೀರಿ, 1949ರಲ್ಲಿ ಟೋಲ್ ನಿಂತಿತು. ಸೇತುವೆ ತೆರೆಯುವುದಕ್ಕೆ ಒಂದೇ ದಿನ ಮೊದಲು, ಇಲ್ಲಿಂದ ಬಹುದೂರವಿಲ್ಲದ ಟಕೋಮಾದಲ್ಲಿ ಇನ್ನೊಂದು ಸೇತುವೆಯ ಉದ್ಘಾಟನೆ ನಡೆದಿತ್ತು. ಅದು ಟಕೋಮಾ ನ್ಯಾರೋಸ್ ತೂಗು ಸೇತುವೆ. ಜನ ಮೆಚ್ಚಿ ಕೊಂಡಾಡಿದ ತೆಳುವಾದ, ಚೆಲುವಾದ ಸೇತುವೆ. ಅದೇ ವರ್ಷ ನವೆಂಬರ್ 7ರಂದು ಗಾಳಿಗೆ ಹೊಯ್ದಾಡಿ ಅದು ಮುರಿದು ಬಿತ್ತು. ಮುಳುಗಿಯೇ ಹೋಗುತ್ತದೆಂದು ಹೇಳಿಸಿಕೊಂಡ ಕಾಂಕ್ರೀಟ್ ಪೆಟ್ಟಿಗೆಗಳ ಸಾಲು ಅರ್ಧ ಶತಮಾನ ವಾಹನಗಳನ್ನು ಹೊತ್ತಿತು.

ತೇಲು ಸೇತುವೆ ಭಾರತಕ್ಕೆ ಹೊಸದಲ್ಲವೆಂಬುದನ್ನೂ ಇಲ್ಲಿ ಸೇರಿಸಬೇಕು. ಕಲ್ಕತ್ತ ಬಂದರಿನಲ್ಲಿ ಹೂಗ್ಲಿ ನದಿಗೆ ಬ್ರಾಡ್‌ಫರ್ಡ್ ಲೆಸ್ಲಿ 1874ರಲ್ಲಿ ಕಟ್ಟಿದ 1,528 ಅಡಿ ಉದ್ದದ ಪಾಂಟೂನ್ ಸೇತುವೆ, ಈಗಿನ ಹೌರಾ ಸೇತುವೆ 1943ರಲ್ಲಿ ಬರುವವರೆಗೂ ಕೆಲಸ ಮಾಡಿತು. ಹಡಗುಗಳಿಗೆ ದಾರಿ ಬಿಡಲು ಅದನ್ನು ನಡುವೆ ಬಿಚ್ಚಿ ತೆರೆಯಬೇಕಾಗುತ್ತಿತ್ತು, ಅಷ್ಟು ಹೊತ್ತೂ ರಸ್ತೆ ಕಾಯುತ್ತಿತ್ತು.

ನಮ್ಮ ಸೇತುವೆಗೂ ಅದೇ ತೊಡಕಿತ್ತು. ಹಡಗು ಬಂದಾಗ ಸೇತುವೆಯ ಒಂದು ತುಂಡು ಹಿಂದಕ್ಕೆ ಜಾರಿ, ಪಕ್ಕದ ಅಗಲವಾದ ಭಾಗದ ನಡುವಿನ ತೆರಪಿನೊಳಗೆ ಸೇರಿಕೊಳ್ಳುವಂತೆ ಅದನ್ನು ರಚಿಸಿದ್ದರು. ಆ ತೆರಪನ್ನು ಬಳಸಿಕೊಂಡು ಹೋಗಲು ರಸ್ತೆ ಎರಡಾಗಿ ಸೀಳಿ, ಉಬ್ಬಿ, ಮತ್ತೆ ಕೂಡುತ್ತಿತ್ತು. ನೇರವಾಗಿ ವೇಗದಲ್ಲಿ ಬಂದ ಚಾಲಕನ ಮುಂದೆ ಇದ್ದಕ್ಕಿದ್ದಂತೆ ಆ ತಿರುವು ಎದುರಾಗುತ್ತಿತ್ತು. ವಾಹನ ದಟ್ಟಣೆಯ ಹೊತ್ತಿನಲ್ಲಿ ಪಥಗಳ ದಿಕ್ಕನ್ನು ಬದಲಿಸುವ ಪದ್ಧತಿಯೂ ಬಂದ ಮೇಲೆ ಅಪಾಯ ಇನ್ನಷ್ಟು ಹೆಚ್ಚಿತು, ಮುಖಾಮುಖಿ ಡಿಕ್ಕಿಗಳಲ್ಲಿ ಜೀವಗಳು ಹೋದವು. 1981ರಲ್ಲಿ ಆ ಉಬ್ಬನ್ನು ತೆಗೆದು ರಸ್ತೆಯನ್ನು ನೇರಗೊಳಿಸಿದರು. ಅದು ಇನ್ನೂ ಬೇಗ ಆಗಬೇಕಾದ ಕೆಲಸವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಸೇತುವೆಯನ್ನು ಮೆಚ್ಚುವವರು ಅದರ ಈ ಮುಖವನ್ನೂ ಹೇಳಬೇಕು.

ಈಗ 1990. ಉತ್ತರದ ಮಗ್ಗುಲಿನಲ್ಲಿಯೇ ಎರಡನೆಯ ತೇಲು ಸೇತುವೆ 1989ರಲ್ಲಿ ಸಿದ್ಧವಾಗಿ ವಾಹನಗಳು ಅದರ ಮೇಲೆ ಓಡುತ್ತಿದ್ದವು. ಹಳೆಯದನ್ನು ಮುಚ್ಚಿ ದುರಸ್ತಿ ನಡೆಯುತ್ತಿತ್ತು. ಹಳೆಯ ಕಾಂಕ್ರೀಟನ್ನು ಅತಿ ಒತ್ತಡದ ನೀರಿನಿಂದ ಕಡಿದು ತೆಗೆಯುತ್ತಿದ್ದರು. ಹಾಗೆ ಕಡಿದ ನೀರು ಕಲುಷಿತವಾದ್ದರಿಂದ ಸರೋವರಕ್ಕೆ ಬಿಡುವಂತಿರಲಿಲ್ಲ. ಅದನ್ನು ಕೆಲಕಾಲಕ್ಕೆಂದು ಪಾಂಟೂನ್‌ಗಳ ಒಳಗೇ ತುಂಬಿಡಲಾಗಿತ್ತು. ಕೆಲಸಕ್ಕೆ ಅನುಕೂಲವಾಗಲೆಂದು ನೀರು ತಡೆಯುವ ಬಾಗಿಲುಗಳನ್ನೂ ತೆಗೆದಿದ್ದರು. ಅದೇ ನವೆಂಬರ್‌ನಲ್ಲಿ ಪಶ್ಚಿಮ ವಾಷಿಂಗ್ಟನ್ ಕಂಡದ್ದು ಅಸಾಧಾರಣ ಮಳೆ. ಥ್ಯಾಂಕ್ಸ್‌ಗಿವಿಂಗ್ ರಜೆಯ ವಾರಾಂತ್ಯದಲ್ಲಿ ಬಿರುಗಾಳಿ ಎದ್ದಿತು; ಮಳೆಯ ನೀರೂ ಅಲೆಯ ನೀರೂ ತೆರಪುಗಳ ಮೂಲಕ ಒಳಗಿಳಿದವು. ಮೇಲೆ ಹೇಳಿದ ಎರಡನೆಯ ಲೆಕ್ಕ ಆಗ ತನ್ನ ಕೆಲಸ ಮಾಡಿತು. ಪಾಂಟೂನ್ ತಗ್ಗುತ್ತಿರುವುದನ್ನು ಕಂಡ ಕೆಲಸಗಾರರು ಪಂಪು ಹಚ್ಚಿ ನೀರು ಹೊರಹಾಕಲು ಹೆಣಗಿದರು, ಆದರೆ ಒಳಬರುವ ನೀರನ್ನು ಮೀರಲಾಗಲಿಲ್ಲ. ನವೆಂಬರ್ 25ರ ಭಾನುವಾರ, ನಗರದ ಜನ ದಡದಲ್ಲಿ ನಿಂತು, ಮನೆಗಳಲ್ಲಿ ಟಿವಿಯ ಮುಂದೆ ಕುಳಿತು ನೋಡುತ್ತಿದ್ದಂತೆ, ಒಂದು ಪಾಂಟೂನ್ ತನ್ನ ಪಕ್ಕದ್ದನ್ನು, ಅದು ಅದರ ಪಕ್ಕದ್ದನ್ನು ಎಳೆದುಕೊಂಡು, ಸುಮಾರು 2,790 ಅಡಿ ಉದ್ದದ ಸೇತುವೆ ಸರೋವರದ ತಳ ಸೇರಿತು. ಒಂದು ಜೀವವೂ ಹೋಗಲಿಲ್ಲ. ಮುಳುಗುತ್ತಿದ್ದ ಭಾಗ ಪಕ್ಕದ ಹೊಸ ಸೇತುವೆಯ ಲಂಗರಿನ ಉಕ್ಕಿನ ಹಗ್ಗಗಳಲ್ಲಿ ಕೆಲವನ್ನು ಕತ್ತರಿಸಿತು. ಅದೂ ಕೈಬಿಟ್ಟುಹೋಗಬಹುದೆಂಬ ಆತಂಕದ ದಿನಗಳನ್ನು ಎಂಜಿನಿಯರ್‌ಗಳು ಕಳೆಯಬೇಕಾಯಿತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. "ತೇಲುವ ಸೇತುವೆ ಕೊನೆಗೆ ಮುಳುಗಿಯೇ ಮುಳುಗಿತು" ಎಂದು ಹ್ಯಾಡ್ಲಿಯ ಕಲ್ಪನೆಯನ್ನು ಹಳಿಯುವ ಮಾತು ಈಗಲೂ ಕಿವಿಗೆ ಬೀಳುತ್ತದೆ. ಐವತ್ತು ವರ್ಷ ಗಾಳಿ, ಅಲೆ, ಲಾರಿ, ಬಸ್ಸುಗಳನ್ನು ತಡೆದುಕೊಂಡ ಪಾಂಟೂನ್‌ಗಳು ಕೆಲವೇ ದಿನಗಳಲ್ಲಿ ಸೋತದ್ದು, ಅವುಗಳ ಬಾಗಿಲು ತೆರೆದಿದ್ದರಿಂದ ಮತ್ತು ಒಳಗೆ ನೀರು ನಿಂತಿದ್ದರಿಂದ. ನೆಲದ ಮೇಲಿನ ಸೇತುವೆಯನ್ನು ಕೆಲವು ದಿನ ಯಾರೂ ಗಮನಿಸದಿದ್ದರೂ ಅದು ನಿಂತಿರುತ್ತದೆ. ಈ ಸೇತುವೆಯ ಬದುಕು ಮುಚ್ಚಳ, ಬಾಗಿಲು, ಪಂಪು, ಲಂಗರಿನ ಹಗ್ಗಗಳನ್ನು ನೋಡಿಕೊಳ್ಳುವವರ ಕೈಯಲ್ಲಿದೆ. ರಾಜ್ಯ ಸಾರಿಗೆ ಇಲಾಖೆಯ ಸಿಬ್ಬಂದಿ ಪಾಂಟೂನ್‌ಗಳ ಒಳಗಿನ ಕತ್ತಲ ಕೋಣೆಗಳಿಗೆ ಇಳಿದು ಸೋರಿಕೆ, ಬಿರುಕು ಹುಡುಕುತ್ತಾರೆ. ನೀರಿನಡಿಯ ಹಗ್ಗಗಳ ಸ್ಥಿತಿಯನ್ನು ತಪಾಸಣೆ ಮಾಡಿ, ಸವೆದದ್ದನ್ನು ಬದಲಿಸುತ್ತಾರೆ. ಗಾಳಿ ಮಿತಿಮೀರಿದ ರಾತ್ರಿಗಳಲ್ಲಿ ನಾವು ದೀಪ ಹೋಯಿತೆಂದು ಮೇಣದಬತ್ತಿ ಹುಡುಕುತ್ತಿರುವಾಗ ಅವರ ಕಣ್ಣು ಸೇತುವೆಯ ಮೇಲಿರುತ್ತದೆ. ಉದ್ಘಾಟನೆಯ ದಿನ ಭಾಷಣ ಮಾಡಿದವರ ಹೆಸರುಗಳಷ್ಟೇ ಗೌರವದಿಂದ ಈ ಕೆಲಸವನ್ನೂ ನೆನೆಯಬೇಕೆಂದು ನಾನು ನಂಬಿದ್ದೇನೆ.

ಮುಳುಗಿದ್ದರ ಜಾಗದಲ್ಲಿ ಹೊಸ ಪಾಂಟೂನ್‌ಗಳ ಸೇತುವೆ 1993ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಅದು 1967ರಲ್ಲಿ ಮೂಲ ಸೇತುವೆಗೆ ಇಟ್ಟಿದ್ದ ಲೇಸಿ ಮರೋ ಅವರ ಹೆಸರನ್ನೇ ಉಳಿಸಿಕೊಂಡಿತು. ಪೂರ್ವಕ್ಕೆ ಹೋಗುವ ವಾಹನಗಳು ಇಂದು ಅದರ ಮೇಲಿವೆ. ಅದೇ ವರ್ಷ ಉತ್ತರದ ಸೇತುವೆಗೆ ಹೋಮರ್ ಹ್ಯಾಡ್ಲಿ ಅವರ ಹೆಸರು ಬಂತು. ಆ ಹೊತ್ತಿಗೆ ಅವರು ಇರಲಿಲ್ಲ. ತಡವಾಗಿಯಾದರೂ ಊರು ಋಣ ತೀರಿಸಿತು.

ನಮ್ಮಲ್ಲಿ ಹಲವರು ನಿತ್ಯ ಬಳಸುವ 520ನೆಯ ಹೆದ್ದಾರಿಯ ತೇಲು ಸೇತುವೆ ಈ ವಂಶದ ಕಿರಿಯದು. 1963ರದ್ದರ ಬದಲಿಗೆ 2016ರಲ್ಲಿ ಬಂದ ಈಗಿನ ಸೇತುವೆ 7,710 ಅಡಿ ಉದ್ದವಿದ್ದು, ಜಗತ್ತಿನ ಅತಿ ಉದ್ದದ ತೇಲು ಸೇತುವೆ ಎನಿಸಿಕೊಂಡಿದೆ. ಅದರ ಕಥೆ ಇನ್ನೊಮ್ಮೆ.

ರೈಲು ಓಡಲಿರುವುದು ಹ್ಯಾಡ್ಲಿ ಅವರ ಹೆಸರಿನ ಸೇತುವೆಯ ಮೇಲೆ. ಯೋಜನೆಗಿಂತ ವರ್ಷಗಟ್ಟಲೆ ತಡವಾಯಿತೆಂದು ಎಲ್ಲರೂ ಬೇಸರಪಟ್ಟಿದ್ದೇವೆ. ಹಳಿ ಕೂರಿಸಿದ ಕಾಂಕ್ರೀಟ್ ಪೀಠಗಳಲ್ಲಿ ದೋಷ ಕಂಡು ಸಾವಿರಾರು ಪೀಠಗಳನ್ನು ಕಿತ್ತು ಮತ್ತೆ ಕಟ್ಟಬೇಕಾಯಿತು. ಆದರೆ ಎದುರಿಗಿದ್ದ ತೊಡಕು ಎಂಥದೆಂದು ನೋಡಿದರೆ ತಡವನ್ನು ಸ್ವಲ್ಪ ಕ್ಷಮಿಸಬಹುದು. ದಡಕ್ಕೆ ಸೇರಿದ ಸೇತುವೆಯ ಭಾಗ ಅಲುಗಾಡುವುದಿಲ್ಲ. ತೇಲುವ ಭಾಗ ಸರೋವರದ ಮಟ್ಟದೊಂದಿಗೆ ಏರುತ್ತದೆ, ಇಳಿಯುತ್ತದೆ, ಗಾಳಿಗೆ ಸರಿಯುತ್ತದೆ, ವಾಹನದ ಭಾರಕ್ಕೆ ಸಣ್ಣಗೆ ವಾಲುತ್ತದೆ. ಇವೆರಡು ಸೇರುವ ಸಂದಿನಲ್ಲಿ ರಸ್ತೆಯಾದರೆ ಟಯರು ಹೇಗೋ ದಾಟುತ್ತದೆ, ಉಕ್ಕಿನ ಹಳಿಗೆ ಹಾಗಾಗದು. ಅದಕ್ಕಾಗಿ ಆ ಚಲನೆಯನ್ನೆಲ್ಲ ಒಂದೇ ಸಂದಿನಲ್ಲಿ ಬಿಡದೆ ಉದ್ದಕ್ಕೆ ಹಂಚಿ, ಹಳಿ ಮೆಲ್ಲಗೆ ಬಾಗುವಂತೆ ಮಾಡುವ ವಿಶೇಷ ಜೋಡಣೆಯನ್ನು ರೂಪಿಸಿ, ಕೊಲೊರಾಡೊದ ಪ್ವೆಬ್ಲೊದಲ್ಲಿ ಅದರ ಪೂರ್ಣ ಗಾತ್ರದ ಮಾದರಿಯ ಮೇಲೆ ನಿಜವಾದ ರೈಲನ್ನೇ ಓಡಿಸಿ ಪರೀಕ್ಷಿಸಿದರು. ರೈಲಿನ ವಿದ್ಯುತ್ತು ಸೋರಿ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಿನ್ನದಂತೆ ಹಳಿಗಳನ್ನು ಪ್ರತ್ಯೇಕಿಸಬೇಕಿತ್ತು. ಪಾಂಟೂನ್‌ಗಳ ಒಳಗೆ ಉದ್ದಕ್ಕೂ ಉಕ್ಕಿನ ಎಳೆಗಳನ್ನು ಎಳೆದು ಬಿಗಿದು ಅವಕ್ಕೆ ಬಲ ತುಂಬಬೇಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಪರೀಕ್ಷಾ ರೈಲು ಮೊದಲ ಬಾರಿಗೆ ತನ್ನದೇ ವಿದ್ಯುತ್ತಿನಲ್ಲಿ ಸರೋವರ ದಾಟಿತು.

ರೈಲು ಹತ್ತಿ, ಆದರೆ ಒಮ್ಮೆ ನಡೆದೂ ನೋಡಿ ಎಂದು ಸದಸ್ಯರಲ್ಲಿ ನನ್ನ ಕೋರಿಕೆ. ಹ್ಯಾಡ್ಲಿ ಸೇತುವೆಯ ಉತ್ತರದ ಅಂಚಿನಲ್ಲಿ ಕಾಲ್ನಡಿಗೆಗೂ ಸೈಕಲ್ಲಿಗೂ ದಾರಿಯಿದೆ. ಕಾರಿನಲ್ಲಿ ಗೊತ್ತಾಗದ ಸಂಗತಿಗಳು ಅಲ್ಲಿ ಕಾಲಿಗೂ ಕಣ್ಣಿಗೂ ತಿಳಿಯುತ್ತವೆ: ದೊಡ್ಡ ಲಾರಿ ಹಾದಾಗ ಅಂಗಾಲಿಗೆ ಬರುವ ನಡುಕ, ದಡದ ಕಡೆಯ ಎತ್ತರದಿಂದ ರಸ್ತೆ ಇಳಿದು ನೀರಿಗೆ ಕೈನಿಲುಕುವಷ್ಟು ಹತ್ತಿರವಾಗುವ ಬಗೆ. ದಕ್ಷಿಣದಿಂದ ಗಾಳಿ ಬೀಸುವ ಚಳಿಗಾಲದ ದಿನ ಹೋದರೆ, ಮರೋ ಸೇತುವೆಯ ದಕ್ಷಿಣದ ಗೋಡೆಗೆ ಅಲೆಗಳು ಬಡಿದು ತುಂತುರು ರಸ್ತೆಗೆ ಹಾರುತ್ತಿರುತ್ತದೆ; ಅದೇ ಕ್ಷಣ ನೀವು ನಿಂತ ಉತ್ತರದ ಬದಿಯಲ್ಲಿ ನೀರು ಹೆಚ್ಚುಕಡಿಮೆ ನಿಶ್ಚಲವಾಗಿರುತ್ತದೆ. ಸೇತುವೆಗಳು ಅಲೆಯನ್ನೂ ತಡೆಯುತ್ತವೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ತೋರಿಸಲಾರದು. ಸಿಯಾಟಲ್ ಕಡೆಯ ತುದಿಯಲ್ಲಿ ಮೌಂಟ್ ಬೇಕರ್ ಸುರಂಗದ ಪೂರ್ವ ದ್ವಾರವನ್ನು ತಪ್ಪದೇ ನೋಡಿ. ಜೇಮ್ಸ್ ಫಿಟ್ಜ್‌ಜೆರಾಲ್ಡ್ ಅವರ ಕೈಕೆಲಸವಿರುವ ಅದರ ಕಾಂಕ್ರೀಟ್ ಫಲಕಗಳಲ್ಲಿ ಪೆಸಿಫಿಕ್ ಕರಾವಳಿಯ ಮೂಲನಿವಾಸಿಗಳ ಕಲೆಯ ಛಾಯೆಯಿದೆ, ಸಿಯಾಟಲನ್ನು ಉತ್ತರ ಪೆಸಿಫಿಕ್‌ನ ಹೆಬ್ಬಾಗಿಲೆಂದು ಸಾರುವ ಅಕ್ಷರಗಳಿವೆ. 1940ರ ಸೇತುವೆಯ ಕಾಲದ್ದಾಗಿ ಇಂದಿಗೂ ನಮ್ಮ ಕಣ್ಣೆದುರು ಉಳಿದಿರುವುದು ಆ ಸುರಂಗ ಮತ್ತು ಆ ದ್ವಾರ.

ಕೊನೆಯದಾಗಿ ಒಂದು ಮನವಿ. 1990ರ ನವೆಂಬರ್‌ನಲ್ಲಿ ಈ ಪ್ರದೇಶದಲ್ಲಿ ನೆಲೆಸಿದ್ದ ಕನ್ನಡ ಕುಟುಂಬಗಳು ನಮ್ಮ ನಡುವೆ ಇದ್ದಲ್ಲಿ, ಆ ಭಾನುವಾರ ನೀವು ಕಂಡದ್ದನ್ನು, ಅನಂತರದ ವಾರಗಳಲ್ಲಿ ಕೆಲಸಕ್ಕೆ ಹೇಗೆ ಹೋಗಿಬಂದಿರಿ ಎಂಬುದನ್ನು ದಯವಿಟ್ಟು ಬರೆದು ಕಳುಹಿಸಿ. ಸೇತುವೆಯ ತಪಾಸಣೆ, ವಿನ್ಯಾಸ ಅಥವಾ ರೈಲು ಕಾಮಗಾರಿಯಲ್ಲಿ ದುಡಿದ ಎಂಜಿನಿಯರ್‌ಗಳು ನಮ್ಮ ಸದಸ್ಯರಲ್ಲಿದ್ದರೆ ಅವರ ಬರಹಕ್ಕೂ ಅಷ್ಟೇ ಆದರದ ಸ್ವಾಗತ. ಕೈಬರಹವಾದರೂ ಸರಿ, ನಾವೇ ಟೈಪ್ ಮಾಡಿಕೊಳ್ಳುತ್ತೇವೆ; ಹಳೆಯ ಫೋಟೋಗಳಿದ್ದರೆ ಸ್ಕ್ಯಾನ್ ಮಾಡಿ ಜೋಪಾನವಾಗಿ ಹಿಂದಿರುಗಿಸುತ್ತೇವೆ. ಬಂದ ಬರಹಗಳನ್ನು ಮುಂದಿನ ಸಂಚಿಕೆಯಿಂದಲೇ ಪ್ರಕಟಿಸಲು ಆರಂಭಿಸುತ್ತೇವೆ.